ಅಂಗಿಯೊಳಗೆ ಹೋದ ಕಾಗದ

ಮನೆಗೆ ಸರ್ಕಾರದ ಕಾಗದ ಬಂದರೆ ನೀವು ಏನು ಮಾಡುತ್ತೀರಿ? ನಿಜ ಹೇಳಿ, ನಾನೇನೂ ಬೈಯುವುದಿಲ್ಲ. ಕರೆಂಟ್ ಬಿಲ್ಲಾದರೆ ಓದುತ್ತೀರಿ, ಓದದಿದ್ದರೆ ದೀಪ ಹೋಗುತ್ತದೆ. ಮಿಕ್ಕಿದ್ದನ್ನು ಯಾರು ಓದುತ್ತಾರೆ? ಅಕ್ಷರ ಸಣ್ಣ, ಭಾಷೆ ಗಡುಸು, ಮೇಲೊಂದು ಮುದ್ರೆ, ಕೆಳಗೊಂದು ಅರ್ಥವಾಗದ ಸಹಿ. ಇದೇನೋ ಅವರವರ ಲೆಕ್ಕ, ನಮಗ್ಯಾಕೆ ಅಂದುಕೊಂಡು ಸುಮ್ಮನಾಗುತ್ತೇವೆ.

ನಾನು ಸುಮ್ಮನೂ ಆಗಲಿಲ್ಲ. ಅದಕ್ಕಿಂತ ದೊಡ್ಡ ಘನಕಾರ್ಯ ಮಾಡಿದೆ. ಹಾಗೆ ಬಂದ ಒಂದು ಕಾಗದವನ್ನು ಮಡಿಸಿ ಬೇರೆಯವರ ಅಂಗಿಯೊಳಗೆ ಇಟ್ಟು ಕಳಿಸಿಬಿಟ್ಟೆ. ನಗಬೇಡಿ. ನನ್ನ ಗಂಡನ ಪ್ರಾಣ ಆ ಕಾಗದದಲ್ಲಿತ್ತು.

ನಮ್ಮದು ಲಾಂಡ್ರಿ. ಮುಂದೆ ಕೌಂಟರ್, ಹಿಂದೆ ಇಸ್ತ್ರಿ ಮೇಜು, ಅದರ ಹಿಂದೆ ಒಗೆಯುವ ಯಂತ್ರ, ಮೇಲೆ ಮನೆ. ಬಟ್ಟೆ ತೆಗೆದುಕೊಳ್ಳುವುದು, ನಂಬರಿನ ಚೀಟಿ ಹಚ್ಚುವುದು, ಮಡಿಸುವುದು ನನ್ನ ಕೆಲಸ. ಇಸ್ತ್ರಿ ನನ್ನ ಗಂಡನದು. ಅವರು ಹಾಕಿದ ಇಸ್ತ್ರಿ ನಾಲ್ಕು ದಿನವಾದರೂ ಮುರಿಯುವುದಿಲ್ಲ ಅಂತ ಬೀದಿಯವರೆಲ್ಲ ಅವರಿಗೆ 'ಗರಿಗರಿ ಅಣ್ಣ' ಅಂತಲೇ ಹೆಸರಿಟ್ಟಿದ್ದಾರೆ. ಅಂಗಿ ಮಡಿಸುವಾಗ ಬೆನ್ನಿಗೆ ಒಂದು ಕಾಗದ ಕೊಟ್ಟು ಮಡಿಸಬೇಕು, ಆಗಲೇ ಅದು ನೆಟ್ಟಗೆ ನಿಲ್ಲುವುದು. ಹಳೇ ಪೇಪರ್ ಕೊಟ್ಟರೆ ಬಿಳಿ ಬಟ್ಟೆಗೆ ಮಸಿ ಹತ್ತುತ್ತದೆ. ಹಾಗಾಗಿ ದಪ್ಪನೆಯ ಬಿಳಿ ಕಾಗದ ಎಲ್ಲಿ ಕಂಡರೂ ನನ್ನ ಕೈ ಅಲ್ಲಿಗೆ ಹೋಗುತ್ತದೆ. ಸರ್ಕಾರದ ಕಾಗದದಷ್ಟು ಒಳ್ಳೆಯ ಕಾಗದ ಇನ್ನೊಂದಿಲ್ಲ. ಒಂದು ಕಡೆ ಪೂರ್ತಿ ಖಾಲಿ ಬೇರೆ!

ಈಗ ಕಾಯಿಲೆಯ ವಿಷಯಕ್ಕೆ ಬರುತ್ತೇನೆ.

ಒಂದು ದಿನ ನಮ್ಮವರು ಬಟ್ಟೆ ಗಂಟು ಹೊತ್ತು ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕುಳಿತುಬಿಟ್ಟರು. ಮೈಯೆಲ್ಲ ಬೆವರು. ಎಡಗೈ ಜೋಮು ಹಿಡಿದಿದೆ ಅಂದರು. ಊರಿನಲ್ಲಿ ಹೆಸರಾದ ಹೃದಯದ ಡಾಕ್ಟರು ಒಬ್ಬರಿದ್ದಾರೆ, ಅವರದೇ ಸ್ವಂತ ಆಸ್ಪತ್ರೆ. ನೇರ ಅಲ್ಲಿಗೇ ಕರೆದುಕೊಂಡು ಹೋದೆವು. ಅವರ ಬಿಳಿ ಕೋಟುಗಳನ್ನೆಲ್ಲ ಹತ್ತು ವರ್ಷದಿಂದ ಇಸ್ತ್ರಿ ಮಾಡುವವರು ನಮ್ಮವರೇ. ಕೌಂಟರಿನಲ್ಲಿ ಸರ್ಕಾರದ ಆರೋಗ್ಯ ವಿಮೆ ಕಾರ್ಡು ಕೊಟ್ಟೆ. ಕೈಯ ನರದಿಂದ ಎಂಥದೋ ತಂತಿ ಹಾಕಿ ನೋಡಿದರು. ಒಂದು ರಾತ್ರಿ ಇಟ್ಟುಕೊಂಡರು. ಬೆಳಗ್ಗೆ ಡಾಕ್ಟರು ಬಂದು ನಮ್ಮವರ ಭುಜ ತಟ್ಟಿ, "ಎರಡು ಕಡೆ ಕಟ್ಟಿಕೊಂಡಿತ್ತು, ಸರಿ ಮಾಡಿದೀನಿ. ಇನ್ನು ಆರಾಮಾಗಿ ಇಸ್ತ್ರಿ ಹಾಕು" ಅಂದರು.

ಹೊರಡುವ ಮುಂಚೆ ಕೌಂಟರಿನ ಹುಡುಗಿ ಐದಾರು ಕಾಗದ ಮುಂದಿಟ್ಟಳು. ಅಲ್ಲೊಂದು, ಇಲ್ಲೊಂದು, ಕೊನೆಗೊಂದು ಅಂತ ಬೆರಳು ತೋರಿಸಿದಳು. ಅವಳ ಬೆರಳು ಹೋದಲ್ಲೆಲ್ಲ ನಾನು ಸಹಿ ಹಾಕಿದೆ. ಫೋನಿಗೆ ಒಂದು ನಂಬರ್ ಬಂತು, ಅದನ್ನೂ ಓದಿ ಹೇಳಿದೆ. ಬಿಡಿಗಾಸೂ ಕೊಡದೆ ಗಂಡನನ್ನು ನಡೆಸಿಕೊಂಡು ಮನೆಗೆ ಬಂದೆನಲ್ಲ, ಆ ಸಂತೋಷದಲ್ಲಿ ಕಣ್ಣು ಮಂಜಾಗಿತ್ತು. ನನಗೆ ಓದು ಬರುವುದಿಲ್ಲ ಅಂದುಕೊಳ್ಳಬೇಡಿ. ಬೀದಿಯವರ ಬಟ್ಟೆಗೆಲ್ಲ ಹೆಸರು ಬರೆಯುವವಳು ನಾನು. ಓದು ಬರುತ್ತಿತ್ತು, ಓದಲಿಲ್ಲ, ಅಷ್ಟೇ.

ಎರಡು ತಿಂಗಳು ಕಳೆಯಿತು. ಅದೊಂದು ಮಧ್ಯಾಹ್ನ ಲಕೋಟೆ ಬಂತು. ವಿಮೆ ಕಚೇರಿಯದು. ಒಡೆದೆ, ಗಂಡನ ಹೆಸರು ಕಂಡಿತು, ಕೆಳಗೆ ಯಾವುದೋ ದೊಡ್ಡ ಮೊತ್ತ ಕಂಡಿತು. ನಾವು ಕಟ್ಟಬೇಕೇನೋ ಅಂತ ಒಂದು ಗಳಿಗೆ ಜೀವ ಹಾರಿತು. 'ಪಾವತಿಸಲಾಗಿದೆ' ಅಂತ ಇತ್ತು. ಸದ್ಯ ಅಂದುಕೊಂಡು ಮಡಿಸಿಟ್ಟೆ. ಸಂಜೆ ಮೂಟೆಗಟ್ಟಲೆ ಬಟ್ಟೆ. ಮಡಿಸುವ ಕಾಗದ ಮುಗಿದಿತ್ತು. ಕೈಗೆ ಸಿಕ್ಕಿದ್ದು ಅದೇ.

ಮೂರು ದಿನದ ಮೇಲೆ ನರ್ಸಮ್ಮ ಅಂಗಡಿಗೆ ಬಂದಳು. ಇವಳು ನಮ್ಮ ಬೀದಿಯ ಕೊನೆಯ ಮನೆಯವಳು. ಮೊದಲು ವಾರ್ಡಿನಲ್ಲಿ ನರ್ಸ್ ಆಗಿದ್ದಳು, ಈಗ ಸರ್ಕಾರಿ ಆಸ್ಪತ್ರೆಯಲ್ಲಿ ವಿಮೆಯ ಕೌಂಟರ್ ನೋಡಿಕೊಳ್ಳುತ್ತಾಳೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಮಾತಿನಲ್ಲಿ ನನ್ನ ಅಜ್ಜಿ. ಕೈಯಲ್ಲಿ ಆ ಕಾಗದ ಹಿಡಿದಿದ್ದಳು.

"ಅಕ್ಕಾ, ಇದು ನನ್ನ ಅಂಗಿ ಒಳಗಿತ್ತು."

"ಅಯ್ಯೋ, ಮಸಿ ಹತ್ತಿತಾ?"

"ಮಸಿ ಹಾಳಾಗಿ ಹೋಗ್ಲಿ. ಬೇರೆಯವರ ಕಾಗದ ಓದಬಾರದು, ಆದ್ರೆ ಅಣ್ಣನ ಹೆಸರು ಕಣ್ಣಿಗೆ ಬಿತ್ತು, ಓದಿಬಿಟ್ಟೆ. ಆಸ್ಪತ್ರೇಲಿ ಎಷ್ಟು ದಿನ ಇದ್ರು ಅಣ್ಣ?"

"ಒಂದು ರಾತ್ರಿ. ಮಾರನೇ ದಿನ ಊಟದ ಹೊತ್ತಿಗೆ ಮನೇಲಿದ್ರು."

"ಇಲ್ಲಿ ಐದು ದಿನ ಅಂತಿದೆ."

ನಾನು ಕಾಗದ ಇಸಿದುಕೊಂಡು ನೋಡಿದೆ. ಹೌದು, ಐದು ದಿನ. "ಏನೋ ತಪ್ಪಾಗಿ ಬರೆದಿರಬೇಕು" ಅಂದೆ.

"ಇರಬಹುದು. ಕೆಳಗೆ ನೋಡಿ. ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿದ್ದಕ್ಕೆ ಡಾಕ್ಟರಿಗೆ ಹಣ ಕೊಟ್ಟಿದೆ ಅಂತಿದೆ. ಸ್ಟೆಂಟ್ ಅಂದ್ರೆ ಸಣ್ಣ ಸ್ಪ್ರಿಂಗ್ ಥರ ಇರೋ ಕೊಳವೆ ಅಕ್ಕಾ. ಮುಚ್ಚಿಹೋದ ನಾಳ ಬಿಡಿಸಿ ಒಳಗೆ ಕೂರಿಸ್ತಾರೆ. ಒಂದೊಂದು ಸ್ಟೆಂಟಿಗೂ ಒಂದೊಂದು ನಂಬರ್ ಇರುತ್ತೆ. ಡಬ್ಬಿ ಮೇಲಿನ ಆ ನಂಬರಿನ ಚೀಟೀನ ನಿಮ್ಮ ಆಸ್ಪತ್ರೆ ಕಾಗದಕ್ಕೆ ಅಂಟಿಸಿ ಕೊಟ್ಟಿರಬೇಕು. ಕೊಟ್ಟಿದ್ದಾರಾ?"

ಮೇಲೆ ಹೋಗಿ ಆಸ್ಪತ್ರೆಯ ಚೀಲ ತಂದು ಕೌಂಟರಿನ ಮೇಲೆ ಸುರಿದೆ. ಮಾತ್ರೆ ಚೀಟಿ ಇತ್ತು, ಔಷಧಿ ಅಂಗಡಿಯ ಬಿಲ್ ಇತ್ತು, ಒಂದು ಹಣೆಪಟ್ಟಿಯಿಲ್ಲದ ಖಾಲಿ ಫೈಲ್ ಇತ್ತು. ನಂಬರಿನ ಚೀಟಿ ಇರಲಿಲ್ಲ.

ಹಿಂದಿನಿಂದ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ ಶಬ್ದವಾಯಿತು. ನಮ್ಮವರು ಎಲ್ಲ ಕೇಳಿಸಿಕೊಂಡಿದ್ದರು. "ನರ್ಸಮ್ಮಾ, ನೀನು ಒಳ್ಳೆಯವಳು. ಆದ್ರೆ ಆ ಡಾಕ್ಟರ ಮೇಲೆ ಮಾತಾಡಬೇಡ. ನನ್ನ ಪ್ರಾಣ ಉಳಿಸಿದೋರು ಅವರು."

"ನಾನೆಲ್ಲಿ ಮಾತಾಡಿದೆ ಅಣ್ಣಾ? ಕಾಗದ ಮಾತಾಡ್ತಾ ಇದೆ."

"ಹತ್ತು ವರ್ಷ ಆಯ್ತು, ಅವರ ಕೋಟು ನನ್ನ ಕೈಯಲ್ಲಿ. ಒಂದು ದಿನ ಎಣಿಸಿ ತಗೊಂಡಿಲ್ಲ ಅವರು. ಕಳಿಸಿದಷ್ಟು ಕಳಿಸ್ತಾರೆ, ಕೊಟ್ಟಷ್ಟು ತಗೊಳ್ತಾರೆ. ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟೋರ ಮುಂದೆ ಹೋಗಿ, ಸ್ವಾಮೀ, ನೀವು ಹಾಕಿದ್ದು ಎರಡೋ ಒಂದೋ ಅಂತ ನಾನು ಎಣಿಸಲಾ?"

ಇದು ನಿಮಗೆ ವಿಚಿತ್ರವಾಗಿ ಕಾಣಬಹುದು. ನಮ್ಮ ಕಸುಬಿನವರಿಗೆ ಕಾಣುವುದಿಲ್ಲ. ಲಾಂಡ್ರಿಯವನ ಎದುರು ನಿಂತು ಬಟ್ಟೆ ಎಣಿಸಿದರೆ ಅವನನ್ನು ಕಳ್ಳ ಅಂದ ಹಾಗೆ. ಹಳೆಯ ಗಿರಾಕಿ ಎಣಿಸುವುದಿಲ್ಲ, ಎಣಿಸದವನಿಗೆ ನಾವು ಒಂದು ಎಳೆ ಹೆಚ್ಚೇ ಮರ್ಯಾದೆ ಕೊಡುತ್ತೇವೆ. ನಮ್ಮವರು ಅದೇ ಮರ್ಯಾದೆಯನ್ನು ಡಾಕ್ಟರಿಗೆ ವಾಪಸ್ ಕೊಡುತ್ತಿದ್ದರು. ಅವರ ಮಟ್ಟಿಗೆ ಅದು ಸರಿಯೇ ಇತ್ತು. ಅದಕ್ಕೇ ಅವರ ಮೇಲೆ ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ಅಷ್ಟು ಹೊತ್ತಿಗೆ ನಮ್ಮ ಅತ್ತೆ ಮೆಟ್ಟಿಲಿಳಿದು ಬಂದರು. ಅವರಿಗೆ ಎಪ್ಪತ್ತಾರು, ಕಿವಿ ಮಾತ್ರ ಇಪ್ಪತ್ತಾರರದು. "ಏನು ಗಲಾಟೆ? ಪುಕ್ಕಟೆ ಮಾಡಿದ್ದಾರೆ ಡಾಕ್ಟರು. ಪುಕ್ಕಟೆ ಮಾಡಿದ್ದಕ್ಕೂ ಲೆಕ್ಕ ಕೇಳ್ತೀರಾ?" ಅಂದರು.

ನರ್ಸಮ್ಮ ಸ್ಟೂಲು ಎಳೆದುಕೊಂಡು ಕುಳಿತಳು. "ಪುಕ್ಕಟೆ ಅಲ್ಲ ಅಜ್ಜೀ. ನಿಮ್ಮ ಕೈಯಿಂದ ಹೋಗಿಲ್ಲ, ಅಷ್ಟೇ. ಡಾಕ್ಟರು ಚಿಕಿತ್ಸೆ ಮಾಡ್ತಾರೆ, ಏನು ಮಾಡಿದೆ ಅಂತ ಬರೆದು ವಿಮೆ ಕಚೇರಿಗೆ ಕಳಿಸ್ತಾರೆ. ಕಚೇರಿಯೋರು ಅದನ್ನ ನೋಡಿ ಹಣ ಕೊಡ್ತಾರೆ. ಆ ಹಣ ಎಲ್ಲರದು, ನಿಮ್ಮ ಸೋಪಿನ ಪುಡಿ ಮೇಲಿನ ತೆರಿಗೆನೂ ಅದರಲ್ಲಿದೆ. ಕಚೇರೀಲಿ ಕೂತೋರು ಆಪರೇಷನ್ ರೂಮಿಗೆ ಬಂದು ನೋಡೋಕಾಗುತ್ತಾ? ಆಗಲ್ಲ. ಅದಕ್ಕೇ ಈ ಕಾಗದ ಕಳಿಸ್ತಾರೆ. ಇದು ರಸೀದಿ ಅಲ್ಲ ಅಜ್ಜೀ, ಪ್ರಶ್ನೆ. 'ಇವರಿಗೆ ಇಷ್ಟು ಕೊಟ್ಟಿದ್ದೀವಿ, ನಿಮಗೆ ಇಷ್ಟು ಸಿಕ್ಕಿದೆಯಾ?' ಅಂತ ಕೇಳ್ತಾ ಇದ್ದಾರೆ. ನಾವು ಬಾಯಿ ಮುಚ್ಚಿಕೊಂಡಿದ್ರೆ ಸಿಕ್ಕಿದೆ ಅಂತ ಅರ್ಥ."

"ಆಯ್ತಮ್ಮ, ಅವರು ಎರಡು ರೂಪಾಯಿ ಹೆಚ್ಚಿಗೆ ತಗೊಂಡ್ರು ಅಂತ್ಲೇ ಇಟ್ಕೋ. ನನ್ನ ಮಗ ಚೆನ್ನಾಗಿದ್ದಾನಲ್ಲ!"

ನರ್ಸಮ್ಮ ನಮ್ಮವರ ಕಡೆ ತಿರುಗಿದಳು. "ಚೆನ್ನಾಗಿದ್ದೀರಾ ಅಣ್ಣಾ?"

ಅವರ ಬದಲು ನಾನು ಮಾತಾಡಿದೆ. ಎರಡು ತಿಂಗಳಿಂದ ನಾನು ಕಂಡೂ ಕಾಣದ ಹಾಗೆ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಒಂದೇ ಉಸಿರಿಗೆ ಪ್ಯಾಂಟ್ ಮುಗಿಸುತ್ತಿದ್ದವರು ಈಗ ಒಂದು ಅಂಗಿಗೆ ಮೂರು ಸಲ ಪೆಟ್ಟಿಗೆ ಕೆಳಗಿಡುತ್ತಾರೆ. ಗಂಟು ಹೊರುವುದನ್ನು ಬಿಟ್ಟು ಎಳೆಯುತ್ತಾರೆ. ಮೆಟ್ಟಿಲ ಅರ್ಧದಲ್ಲಿ ನಿಂತು ಗೋಡೆಯ ಬಣ್ಣ ನೋಡುವ ನಾಟಕ ಆಡುತ್ತಾರೆ. ಕೇಳಿದರೆ ಗ್ಯಾಸು ಅನ್ನುತ್ತಾರೆ.

"ಗ್ಯಾಸೇ ಅದು" ಅಂದರು ನಮ್ಮವರು. ದನಿಯಲ್ಲಿ ಜೀವವಿರಲಿಲ್ಲ.

"ಗ್ಯಾಸೇ ಇರಲಿ ಅಂತ ನಾನೂ ಬೇಡ್ಕೋತೀನಿ" ಅಂದಳು ನರ್ಸಮ್ಮ. "ಆದ್ರೆ ಅಣ್ಣಾ, ಐದು ದಿನ ಅಂತ ಬರೆದ ಕೈಯೇ ಎರಡು ಸ್ಟೆಂಟ್ ಅಂತಲೂ ಬರೆದಿದೆ. ಐದು ದಿನ ಅನ್ನೋದು ಸುಳ್ಳು ಅಂತ ನಿಮಗೆ ಗೊತ್ತು, ಅಕ್ಕನಿಗೆ ಗೊತ್ತು, ಅಜ್ಜಿಗೂ ಗೊತ್ತು. ಸ್ಟೆಂಟ್ ಹಾಕಿದ್ದು ನಿಜವೋ ಸುಳ್ಳೋ, ಅದನ್ನ ನೋಡಿದೋರು ಯಾರು?"

ಒಬ್ಬ ಗಿರಾಕಿ ಬಂದು, ನಮ್ಮ ಮುಖಗಳನ್ನು ನೋಡಿ, ಆಮೇಲೆ ಬರ್ತೀನಿ ಅಂತ ಹೊರಟುಹೋದ.

ನರ್ಸಮ್ಮನೇ ಮತ್ತೆ ಬಾಯಿ ಬಿಟ್ಟಳು. "ದೂರು ಗೀರು ಆಮೇಲಿನ ಮಾತು. ನಾಳೆ ನಮ್ಮ ಆಸ್ಪತ್ರೆಗೆ ಬನ್ನಿ, ಹೃದಯದ ಡಾಕ್ಟರು ಇರ್ತಾರೆ, ಒಂದು ಸಲ ನೋಡಿಸೋಣ. ಸ್ಟೆಂಟ್ ಇದ್ರೆ ನಿಮ್ಮ ಡಾಕ್ಟರ ಮೇಲೆ ನಾನು ಪಟ್ಟ ಅನುಮಾನಕ್ಕೆ ಅವರ ಕಾಲು ಹಿಡೀತೀನಿ. ಇಲ್ಲದೆ ಇದ್ರೆ..." ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದಳು.

ಅವಳು ಹೋದ ಮೇಲೆ ನಾನು ನಮ್ಮವರ ಎದುರು ನಿಂತೆ. "ರೀ, ಹೋಗೋಣ."

"ಊರೆಲ್ಲ ಮಾತಾಡ್ತಾರೆ. ಗರಿಗರಿ ಅಣ್ಣ ಡಾಕ್ಟರನ್ನೇ ಅನುಮಾನಿಸಿದ ಅಂತಾರೆ. ನಾಳೆಯಿಂದ ಅವರ ಕೋಟು ನಿಂತುಹೋಗುತ್ತೆ."

"ನಿಲ್ಲಲಿ. ಮೊನ್ನೆ ಆ ಹೊಸ ಗಿರಾಕಿ ಎಣಿಸಿದ ಅಂತ ನೀವು ಮುಖ ಊದಿಸಿಕೊಂಡಿರಲ್ಲ. ಅವನು ಎಣಿಸಿದ್ದಕ್ಕೇ ತಾನೇ ಒಂದು ಸೀರೆ ಬೇರೆಯವರ ಗಂಟಿಗೆ ಹೋಗಿದೆ ಅಂತ ಗೊತ್ತಾಗಿದ್ದು? ನಾವು ಕದ್ದಿದ್ವಾ? ಇಲ್ಲ. ತಪ್ಪಿತ್ತು, ಸರಿಹೋಯ್ತು. ಸೀರೆ ಆದ್ರೆ ಇನ್ನೊಂದು ತರಬಹುದು ರೀ. ನಿಮ್ಮನ್ನ ಎಲ್ಲಿಂದ ತರಲಿ ನಾನು?"

ಅವರು ತಲೆ ತಗ್ಗಿಸಿಕೊಂಡು ಇಸ್ತ್ರಿ ಮೇಜಿನ ಬಟ್ಟೆಯ ಸುಕ್ಕು ಎಳೆಯುತ್ತಾ ನಿಂತರು. ಒಪ್ಪುವ ಲಕ್ಷಣ ಕಾಣಲಿಲ್ಲ.

ಆಗ ನಮ್ಮ ಅತ್ತೆ ಕೈ ಚಾಚಿದರು. "ಆ ಕಾಗದ ಕೊಡು ಇಲ್ಲಿ. ಕನ್ನಡಕನೂ ಕೊಡು."

ಕೊಟ್ಟೆ. ಅತ್ತೆ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸುತ್ತಾ ಮೊದಲಿನಿಂದ ಕೊನೆಯವರೆಗೆ ಓದಿದರು. ಕಾಲು ಗಂಟೆ ಹಿಡಿಯಿತು. ನಮ್ಮ ಮನೆಯಲ್ಲಿ ಸರ್ಕಾರದ ಕಾಗದವೊಂದನ್ನು ಪೂರ್ತಿ ಓದಿದ ಮೊದಲನೆಯ ಮನುಷ್ಯರು ಅವರೇ. ಓದಿ ಮುಗಿಸಿ ಮಗನನ್ನು ನೋಡಿದರು.

"ಲೋ, ನಿನ್ನ ಎದೆ ಒಳಗೆ ಎರಡು ಕೊಳವೆ ಇದೆ ಅಂತ ಬರೆದಿದ್ದಾರೆ. ಇದೆಯೋ ಇಲ್ಲವೋ ಅಂತ ನನಗೆ ಗೊತ್ತಾಗಬೇಕು. ನಿನಗೆ ಮರ್ಯಾದೆ ದೊಡ್ಡದು. ನನಗೆ ನೀನು ದೊಡ್ಡವನು. ಬೆಳಗ್ಗೆ ಎದ್ದು ಹೊರಡು, ನಾನೂ ಬರ್ತೀನಿ."

ಅಮ್ಮನ ಮಾತಿಗೆ ಎದುರಾಡಿದ ಅಭ್ಯಾಸ ನಮ್ಮವರಿಗೆ ಇಲ್ಲ. ನನ್ನ ಮಾತಿಗೆ ಬೇಕಾದಷ್ಟಿದೆ.

ಸರ್ಕಾರಿ ಆಸ್ಪತ್ರೆಯ ಹೃದಯದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ಎದೆಗೆ ತಂತಿ ಹಚ್ಚಿ ನೋಡಿದರು, ಆಮೇಲೆ ಕೈಯ ನರದಿಂದ ಒಳಗೆ ನೋಡಿದರು. ಹೊರಗೆ ಬೆಂಚಿನ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡು ಕುಳಿತಿದ್ದರು. ನಾನು ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದು ಪರದೆ ತೋರಿಸಿದರು. ಬೂದು ಬಣ್ಣದಲ್ಲಿ ಕವಲು ಕವಲಾಗಿ ನಾಳಗಳು. "ಸ್ಟೆಂಟ್ ಲೋಹದ್ದು, ಇದ್ದಿದ್ರೆ ಇಲ್ಲಿ ಕಾಣಬೇಕಿತ್ತು. ಒಂದೂ ಇಲ್ಲ. ಇಲ್ಲಿ ನೋಡಿ, ಈ ನಾಳ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮುಚ್ಚಿದೆ. ಎರಡು ತಿಂಗಳ ಹಿಂದೆ ಅಲ್ಲಿ ನೋಡಿದಾಗಲೇ ಇದು ಇದ್ದಿರಬೇಕು. ತಡ ಮಾಡೋ ಹಾಗಿಲ್ಲ."

ಎರಡು ತಿಂಗಳು! ವಾಸಿಯಾಯಿತು ಅಂತ ನಂಬಿಕೊಂಡು ಎರಡು ತಿಂಗಳು ಆ ಮನುಷ್ಯ ಗಂಟು ಎಳೆದಿದ್ದಾರೆ, ಉರಿಯುವ ಪೆಟ್ಟಿಗೆ ಎತ್ತಿದ್ದಾರೆ. ಆ ಡಾಕ್ಟರ ಕೋಟುಗಳಿಗೂ ಇಸ್ತ್ರಿ ಹಾಕಿದ್ದಾರೆ.

ಅಲ್ಲಿಗೆ ಮುಗಿಯಲಿಲ್ಲ. ಸ್ಟೆಂಟ್ ಹಾಕಲು ವಿಮೆಯ ಒಪ್ಪಿಗೆ ಕೇಳಿದರೆ ಕಂಪ್ಯೂಟರ್ ಒಪ್ಪಲಿಲ್ಲ. 'ಈ ವ್ಯಕ್ತಿಗೆ ಈ ಚಿಕಿತ್ಸೆ ಆಗಿದೆ, ಹಣ ಸಂದಾಯವಾಗಿದೆ' ಅಂತ ಬಂತು. ನರ್ಸಮ್ಮ ನಮ್ಮವರ ಹಾಸಿಗೆಯ ಹತ್ತಿರ ಬಂದು ಕುಳಿತಳು.

"ಅಣ್ಣಾ, ತುರ್ತು ಅಂತ ಡಾಕ್ಟರಮ್ಮ ಬರೆದು ಕಳಿಸ್ತಾ ಇದ್ದಾರೆ, ಚಿಕಿತ್ಸೆ ನಿಲ್ಲಿಸಲ್ಲ. ಆದ್ರೆ ಕಾರ್ಡಿನ ದಾಖಲೇಲಿ ಈ ಸುಳ್ಳು ಹೀಗೇ ಉಳಿದ್ರೆ ನಾಳೆ ಯಾವ ಊರಲ್ಲಿ ನಿಮಗೆ ಎದೆ ನೋವು ಬಂದ್ರೂ ಅಲ್ಲಿನ ಡಾಕ್ಟರು ಇದನ್ನೇ ನಂಬ್ತಾರೆ. ಅದನ್ನ ಅಳಿಸಬೇಕು ಅಂದ್ರೆ ನೀವೇ ಬರೆದು ಕೊಡಬೇಕು, 'ನನಗೆ ಇದು ಆಗಿಲ್ಲ' ಅಂತ. ನಿಮ್ಮ ಪರವಾಗಿ ನಾನು ಬರೆಯೋಕಾಗಲ್ಲ."

ನಮ್ಮವರು ಕಿಟಕಿಯ ಕಡೆ ತಿರುಗಿದರು. ಆಮೇಲೆ, "ಒಂದು ಮಾತು ಹೇಳು ನರ್ಸಮ್ಮಾ. ನನ್ನನ್ನ ಯಾಕೆ ಆರಿಸಿಕೊಂಡ್ರು ಅವರು? ಅಷ್ಟು ಜನ ಇದ್ರು" ಅಂದರು.

ನರ್ಸಮ್ಮ ಒಂದು ಖಾಲಿ ಹಾಳೆ, ಪೆನ್ನು ಅವರ ಪಕ್ಕದಲ್ಲಿಟ್ಟಳು. ಉತ್ತರ ನನಗೆ ಹೊಳೆಯಿತು, ಆದರೆ ಹೇಳಲು ಮನಸ್ಸಾಗಲಿಲ್ಲ. ನೀವು ಎಣಿಸುವುದಿಲ್ಲ ಅಂತ ಅವರಿಗೆ ಗೊತ್ತಿತ್ತು ರೀ, ಅಷ್ಟೇ.

ಹೇಳುವ ಅಗತ್ಯವೂ ಬೀಳಲಿಲ್ಲ. ಅವರೇ ಅರ್ಥ ಮಾಡಿಕೊಂಡರೇನೋ, ಕಣ್ಣು ತುಂಬಿಕೊಂಡು ಪೆನ್ನಿಗೆ ಕೈ ಚಾಚಿದರು. ಸೂಜಿ ಚುಚ್ಚಿದ ಕೈಯಲ್ಲೇ ಬರೆದರು. 'ನಾನು ಆಸ್ಪತ್ರೆಯಲ್ಲಿ ಇದ್ದದ್ದು ಒಂದು ರಾತ್ರಿ. ನನಗೆ ಸ್ಟೆಂಟ್ ಹಾಕಿಲ್ಲ. ಸರಿ ಮಾಡಿದ್ದೇನೆ ಅಂತ ಡಾಕ್ಟರು ಹೇಳಿದ್ದನ್ನು ನಾನು ನಂಬಿದ್ದೆ.' ಮೂರೇ ಸಾಲು. ನರ್ಸಮ್ಮ ಸಹಾಯವಾಣಿಗೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಂಡಳು. ಆ ಸಹಾಯವಾಣಿ ಸಂಖ್ಯೆ ಎಲ್ಲಿತ್ತು ಗೊತ್ತೇ? ನಮ್ಮ ಕಾರ್ಡಿನ ಹಿಂಬದಿಯಲ್ಲಿ. ನಾಲ್ಕು ವರ್ಷದಿಂದ ಆ ಕಾರ್ಡು ನನ್ನ ಪರ್ಸಿನಲ್ಲೇ ಇತ್ತು.

ಮಾರನೆಯ ದಿನ ಒಪ್ಪಿಗೆ ಬಂತು, ಸ್ಟೆಂಟ್ ಹಾಕಿದರು. ಒಂದೇ ಸಾಕಾಯಿತು. ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ನಂಬರಿನ ಚೀಟಿ ಅಂಟಿಸಿದ ಕಾಗದ ಕೊಟ್ಟು, "ಓದಿ, ಆಮೇಲೆ ಸಹಿ ಮಾಡಿ" ಅಂದರು. ನಾನು ಓದುತ್ತಾ ನಿಂತೆ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಗೊಣಗಲಿ ಅಂತ ಕೊನೆಯ ಸಾಲಿನವರೆಗೂ ಓದಿದೆ. ಡಾಕ್ಟರಮ್ಮ ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ.

"ನಿಮಗೂ ಇದೇ ವಿಮೆಯಿಂದಲೇ ಹಣ ಬರೋದಾ ಮೇಡಂ?" ಅಂತ ಕೇಳಿದೆ.

"ನಮ್ಮ ಆಸ್ಪತ್ರೆಗೂ ಅಲ್ಲಿಂದಲೇ ಬರಬೇಕು. ಯಾರೋ ಒಬ್ಬರು ಸುಳ್ಳು ಬರೆದ್ರೆ ಕಚೇರಿಯೋರು ಎಲ್ಲರ ಕಾಗದನೂ ಎರಡೆರಡು ಸಲ ನೋಡ್ತಾರೆ. ನಿಜವಾಗಿ ಕೆಲಸ ಮಾಡಿದೋರಿಗೆ ಬರೋದು ತಡ ಆಗುತ್ತೆ. ನೀವು ಓದಿ ಸಹಿ ಮಾಡಿದ್ರೆ ನನಗೂ ಒಳ್ಳೇದು" ಅಂದರು. ಓದಿ ಸಹಿ ಮಾಡುವುದು ಡಾಕ್ಟರಿಗೆ ಅವಮಾನ ಅಂತ ನಾವು ತಿಳಿದುಕೊಂಡಿದ್ದೆವಲ್ಲ, ಸರಿಯಾದ ಡಾಕ್ಟರಿಗೆ ಅದು ಆಸರೆ. ಇದು ನನಗೆ ಅವತ್ತು ತಿಳಿಯಿತು.

ನಮ್ಮವರು ಈಗ ಚೆನ್ನಾಗಿದ್ದಾರೆ. ಆ ಡಾಕ್ಟರ ಕೋಟುಗಳು ನಮ್ಮ ಅಂಗಡಿಗೆ ಬರುವುದು ನಿಂತಿತು. ಅವರ ಮೇಲೆ ತನಿಖೆ ನಡೆಯುತ್ತಿದೆ. ಎಷ್ಟು ಮೋಸ, ಎಷ್ಟು ತಪ್ಪು ಅನ್ನುವುದನ್ನು ತೀರ್ಮಾನಿಸುವವರು ತೀರ್ಮಾನಿಸಲಿ, ನಾನು ಅದನ್ನು ಹೇಳಲು ಬಂದವಳಲ್ಲ. ನಾನು ಹೇಳಬೇಕಾದದ್ದು ಬೇರೆ ಇದೆ.

ತನಿಖೆಯವರ ಕೈಯಲ್ಲಿ ಒಂದು ಪಟ್ಟಿ ಇತ್ತು. ಆ ಡಾಕ್ಟರಿಗೆ ಸ್ಟೆಂಟಿನ ಹಣ ಹೋದ ಎಲ್ಲರ ಹೆಸರೂ ಅದರಲ್ಲಿತ್ತು. ಮನೆಮನೆಗೆ ಹೋಗಿ ವಿಚಾರಿಸಬೇಕು, ಅಧಿಕಾರಿಗಳು ಅಂದರೆ ಜನ ಬಾಗಿಲು ತೆಗೆಯುವುದಿಲ್ಲ, ನೀವು ಜೊತೆಗೆ ಬನ್ನಿ ಅಕ್ಕಾ ಅಂತ ನರ್ಸಮ್ಮ ಕರೆದಳು. ಹೋದೆ. ಕೆಲವರಿಗೆ ನಿಜವಾಗಿಯೂ ಸ್ಟೆಂಟ್ ಹಾಕಿದ್ದರು, ಚೀಟಿಯೂ ಇತ್ತು. ಕೆಲವರನ್ನು ಮತ್ತೆ ಪರೀಕ್ಷೆಗೆ ಕಳಿಸಿದೆವು.

ಐದನೆಯ ಮನೆ ಟೈರಿಗೆ ಪಂಕ್ಚರ್ ಹಾಕುವವನದು. ಅಂಗಡಿಯ ಬಾಗಿಲು ಮುಚ್ಚಿತ್ತು. ಪಕ್ಕದ ಕೋಣೆಯಲ್ಲಿ ಅವನ ಹೆಂಡತಿ ಇದ್ದಳು, ನನ್ನ ವಯಸ್ಸಿನವಳೇ. ನಾವು ವಿಮೆಯ ಮಾತೆತ್ತುತ್ತಲೇ, "ಅವರು ಹೋಗಿಬಿಟ್ರು ಅಕ್ಕಾ. ಆಪರೇಷನ್ ಆಗಿತ್ತು, ಆದ್ರೂ ಉಳೀಲಿಲ್ಲ" ಅಂದಳು.

ಏನಾದರೂ ಕಾಗದ ಬಂದಿತ್ತೇ ಅಂತ ನರ್ಸಮ್ಮ ಮೆಲ್ಲಗೆ ಕೇಳಿದಳು.

"ಬಂದಿತ್ತು. ಆಗ ಅವರು ಇದ್ರು, ಅವರೇ ಇಸಿದುಕೊಂಡ್ರು. 'ಸರ್ಕಾರದ್ದು, ಹುಷಾರಾಗಿ ಇಡು' ಅಂದ್ರು, ಇಟ್ಟಿದ್ದೀನಿ." ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ತಂದಳು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದಳು. ಒಂದು ಕಲೆಯೂ ಆಗಿರಲಿಲ್ಲ. ಲಕೋಟೆ ಒಡೆದಿರಲಿಲ್ಲ.

ನಾನು ಒಡೆದೆ. ಎರಡು ಸ್ಟೆಂಟ್, ಐದು ದಿನ. ಅಕ್ಷರ ಅಕ್ಷರಕ್ಕೂ ನಮ್ಮ ಮನೆಗೆ ಬಂದಂಥದೇ ಕಾಗದ. ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದರು ಅಂತ ನರ್ಸಮ್ಮ ಕೇಳಿದಾಗ ಆ ಹೆಂಗಸು, "ಒಂದು ರಾತ್ರಿ" ಅಂದಳು. ಕಾಗದದ ಮೇಲಿನ ತಾರೀಕು ನೋಡಿದೆ, ಅವನು ಹೋದ ದಿನ ಯಾವುದು ಅಂತ ಕೇಳಿದೆ. ಅದು ಬಂದು ಏಳು ವಾರಕ್ಕೆ ಅವನು ಸತ್ತಿದ್ದ.

"ಏನಂತೆ ಅಕ್ಕಾ?" ಅಂತ ಅವಳು ನನ್ನ ಮುಖ ನೋಡಿದಳು. "ಒಳ್ಳೇದೇ ಬರೆದಿದ್ದಾರಾ?"

ಬೀದಿಯಲ್ಲಿ ನನ್ನ ಬಾಯಿಗೆ ಎದುರು ನಿಲ್ಲುವವರಿಲ್ಲ. ಅವತ್ತು ಅವಳ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ.

ಅಕ್ಕಂದಿರೇ, ಅಣ್ಣಂದಿರೇ, ಆರೋಗ್ಯ ವಿಮೆಯ ಕಾರ್ಡು ಇರುವ ಮನೆಯವರೇ, ಕೇಳಿ. ಆಸ್ಪತ್ರೆಯಲ್ಲಿ ಸಹಿ ಹಾಕುವ ಮುಂಚೆ ಓದಿ. ಓದು ಬಾರದಿದ್ದರೆ ಬೇರೆಯವರಿಂದ ಓದಿಸಿ, ನಿಮ್ಮ ಬೀದಿಯಲ್ಲೂ ಒಬ್ಬ ನರ್ಸಮ್ಮ ಇದ್ದೇ ಇರುತ್ತಾಳೆ. ಫೋನಿಗೆ ನಂಬರ್ ಬಂದರೆ, ಇದು ಯಾತಕ್ಕೆ ಅಂತ ಕೇಳಿ ತಿಳಿದುಕೊಂಡೇ ಹೇಳಿ. ಸ್ಟೆಂಟ್ ಹಾಕಿದೆವು ಅಂದರೆ ಅದರ ನಂಬರಿನ ಚೀಟಿ ಕೇಳಿ ಇಸಿದುಕೊಳ್ಳಿ. ಡಾಕ್ಟರಿಗೆ ಯಾವ ಚಿಕಿತ್ಸೆಗೆ ಹಣ ಹೋಗಿದೆ ಅಂತ ಕಾಗದವೋ ಮೆಸೇಜೋ ಬಂದರೆ, ನಿಮಗೆ ಆದದ್ದೂ ಅದರಲ್ಲಿರುವುದೂ ಒಂದೇ ಹೌದಾ ಅಂತ ಹೋಲಿಸಿ ನೋಡಿ. ಬೇರೆಯಾಗಿದ್ದರೆ ಸಹಾಯವಾಣಿಗೆ ಫೋನ್ ಮಾಡಿ. ಕೇಳುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಡೆಯದ ಒಂದು ಲಕೋಟೆ ಇರಬಹುದು. ನಾಳೆ ನೋಡೋಣ ಅನ್ನಬೇಡಿ. ಈಗಲೇ ಎದ್ದು ಹೋಗಿ ಒಡೆಯಿರಿ. ಆ ಏಳು ವಾರ ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರಬಹುದು.